ಗಟ್ಟಿತನ ಯಾರದು?

ಚಿಕ್ಕಬಳ್ಳಾಪುರ ಜಿಲ್ಲೆಯ ಕೆಂಚಾರ್ಲಹಳ್ಳಿ ಕಡೆಯ ಬಂಡೆ ಎಷ್ಟು ಗಟ್ಟಿ ಎಂದು ಕೇಳಿದರೆ, ಯಾವುದಕ್ಕೆ ಗಟ್ಟಿ ಎಂದು ಮರುಪ್ರಶ್ನೆ ಹಾಕಬೇಕಾಗುತ್ತದೆ. ಅದುಮಿದರೆ ಚದರ ಸೆಂಟಿಮೀಟರಿಗೆ ಟನ್ನಿಗೂ ಮೀರಿದ ಭಾರ ತಾಳುವ ಗ್ರಾನೈಟು, ಸಾಲಾಗಿ ಕುಳಿ ತೋಡಿ ಬೆಣೆ ಬಡಿದರೆ ನೀಟಾಗಿ ಸೀಳಿಕೊಳ್ಳುತ್ತದೆ. ಹಾಗಾದರೆ ಗಟ್ಟಿತನ ಕಲ್ಲಿನೊಳಗೇ ಇರುವ ಗುಣವೋ, ನಾವು ಅದಕ್ಕೆ ಮಾಡಿದ್ದಕ್ಕೆ ಸಿಕ್ಕ ಉತ್ತರವೋ?

ಉತ್ತರವೇ ಸರಿ ಎನ್ನುತ್ತಿದ್ದ ಪರ್ಸಿ ಬ್ರಿಡ್ಜ್‌ಮನ್. ವಸ್ತುಗಳನ್ನು ವಾತಾವರಣದ ಲಕ್ಷ ಪಟ್ಟು ಒತ್ತಡದವರೆಗೆ ಹಿಂಡಿ, 1946ರಲ್ಲಿ ನೊಬೆಲ್ ಪಡೆದ ಭೌತವಿಜ್ಞಾನಿ ಆತ. ಅಳೆಯುವ ಕ್ರಿಯೆಯನ್ನು ಕಳೆದರೆ ಪರಿಕಲ್ಪನೆಯಲ್ಲಿ ಏನೂ ಉಳಿಯದು ಎಂದು 1927ರಲ್ಲೇ ಪುಸ್ತಕ ಬರೆದಿದ್ದ. ತನ್ನ ಯಂತ್ರದಲ್ಲಿ ಬಿಳಿ ರಂಜಕ ಕಪ್ಪಾಗಿ, ಒತ್ತಡ ತೆಗೆದ ಮೇಲೂ ಕಪ್ಪಾಗಿಯೇ ಉಳಿದದ್ದನ್ನು ಕಂಡವನು ಹಾಗೆ ಯೋಚಿಸಿದ್ದು ಆಶ್ಚರ್ಯವಲ್ಲ.

ಈ ವಾದವನ್ನು ಒರೆಗೆ ಹಚ್ಚಲು ಪಕ್ಕದ ಕೋಲಾರ ಜಿಲ್ಲೆಯ ಚಿನ್ನದ ಗಣಿಗಳ ಊರು ಕೆಜಿಎಫ್ ಸಾಕು. ಅಲ್ಲಿನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ. ಆ ತಳದಲ್ಲಿ ಮೇಲಿನ ಬಂಡೆಯ ತೂಕವೊಂದೇ ವಾತಾವರಣದ ಸುಮಾರು 800 ಪಟ್ಟು. ಆದರೂ ಕೋಟ್ಯಂತರ ವರ್ಷ ಕಲ್ಲು ತೆಪ್ಪಗಿತ್ತು. ಸುತ್ತಲಿಂದ ಒತ್ತಿ ಹಿಡಿದಷ್ಟೂ ಅದರ ತಾಳಿಕೆ ಹೆಚ್ಚುತ್ತದೆ. ಕೆಟ್ಟದ್ದು ಅದಿರು ತೆಗೆದು ಒಂದು ಮಗ್ಗುಲು ಖಾಲಿ ಮಾಡಿದಾಗ. ಮೂರು ಕಡೆಯಿಂದ ಒತ್ತು, ನಾಲ್ಕನೆಯ ಕಡೆ ಬರೀ ಗಾಳಿ. ಕಲ್ಲು ಸಿಡಿಯಿತು, ಎದುರಿಗಿದ್ದ ಕೂಲಿಯವರು ಸತ್ತರು. ರಾಕ್ ಬರ್ಸ್ಟ್ ಎಂಬುದು ಅಲ್ಲಿ ಇಂಗ್ಲಿಷ್ ಬಾರದ ಮನೆಗಳಿಗೂ ಗೊತ್ತಿದ್ದ ಮಾತು. ಒತ್ತಡದಿಂದಲೇ ವಜ್ರ ಹುಟ್ಟುತ್ತದೆಂದು ಭಾಷಣ ಬಿಗಿಯುವವರು ಆ ಮನೆಗಳಲ್ಲಿ ಅದನ್ನು ಹೇಳಿ ನೋಡಬೇಕು. ಅದಿರು ತೆಗೆದ ಜಾಗದಲ್ಲಿ ಗ್ರಾನೈಟ್ ಗೋಡೆ ಕಟ್ಟುತ್ತಿದ್ದುದು, ಕಿತ್ತುಕೊಂಡ ಆಸರೆಯನ್ನು ಕೈಲಾದಷ್ಟು ಹಿಂದಿರುಗಿಸಲು.

ಬ್ರಿಡ್ಜ್‌ಮನ್ ಮಾತನ್ನು ಕೊನೆಯವರೆಗೆ ಎಳೆದರೆ, ಪ್ರಯೋಗಾಲಯದ ತುಂಡಿನ ಗಟ್ಟಿತನ, ಗಣಿಯ ತಳದ ಗಟ್ಟಿತನ ಎರಡೂ ಬೇರೆಬೇರೆ ಪರಿಕಲ್ಪನೆಗಳು. ಅರ್ಧ ನಿಜ. ಬಿಗಿತ ಹೆಚ್ಚಿರುವ ಬಂಡೆಯನ್ನು ಕೊರೆದು ತೆಗೆದ ಕಲ್ಲು, ಪರೀಕ್ಷೆಗೆ ಮೊದಲೇ ಬಿಲ್ಲೆಬಿಲ್ಲೆಯಾಗಿ ಮುರಿಯುವುದುಂಟು. ಅಳೆಯಲು ಎತ್ತಿದ್ದೇ ಅದನ್ನು ಬದಲಿಸಿತು. ಆದರೆ ಆ ತುಂಡನ್ನು ನಂಬಿ ಸುರಂಗದ ಲೆಕ್ಕ ಹಾಕುವ ಎಂಜಿನಿಯರ್ ಎರಡೂ ಒಂದೇ ಕಲ್ಲು ಎಂದು ಹಿಡಿಯಲೇಬೇಕು. ಗಟ್ಟಿತನ ಒಂದು ಸಂಬಂಧ ಎಂಬುದನ್ನು ನಾನು ಒಪ್ಪುತ್ತೇನೆ. ಆ ಸಂಬಂಧ ಅಳೆಯುವವನೊಡನೆ ಮಾತ್ರ ಎಂಬುದನ್ನು ಒಪ್ಪಲಾರೆ. ಮೇಲಿನ ಬೆಟ್ಟ ನಮಗಿಂತ ಮೊದಲೇ ಆ ಕಲ್ಲನ್ನು ಅದುಮುತ್ತಿತ್ತು.

ಹಿಂಡದೆ, ಬರೀ ಆಲಿಸುವ ವಿಜ್ಞಾನವೂ ನಮ್ಮಲ್ಲಿದೆ. ಗೌರಿಬಿದನೂರಿನಲ್ಲಿ 1965ರಿಂದ ಭೂಕಂಪಮಾಪಕಗಳ ಸಾಲು ದೂರದೇಶಗಳ ನೆಲದಡಿಯ ಅಣುಸ್ಫೋಟಗಳಿಗೆ ಕಿವಿಗೊಟ್ಟಿದೆ. 1988ರಲ್ಲಿ ಕೆಜಿಎಫ್‌ನಲ್ಲಿ ಹುಟ್ಟಿದ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯೂ ಬಂಡೆಯ ಸದ್ದನ್ನು ಹಿಂಬಾಲಿಸಿತು. ಆಲಿಸುವುದೂ ಒಂದು ಕ್ರಿಯೆಯೇ ಎಂದು ಬ್ರಿಡ್ಜ್‌ಮನ್ ವಾದಿಸಬಹುದು. ಇರಲಿ, ಒಡೆಯುವುದಂತೂ ಕೇಳಿಸಿಕೊಳ್ಳುವವನ ಕ್ರಿಯೆಯಲ್ಲ. 2001ರಲ್ಲಿ ಗಣಿ ಮುಚ್ಚಿತು, ಪಂಪು ನಿಂತವು, ಸುರಂಗಗಳಿಗೆ ನೀರು ತುಂಬಿತು. ತೋಡುವವರು ಯಾರೂ ಇಲ್ಲದ ಮೇಲೂ ಕೆಜಿಎಫ್ ನೆಲ ನಡುಗಿದ್ದುಂಟು.