ಗಂಧದ ಮರದ ಒಡೆತನ

ರೈತನೊಬ್ಬನ ಹೊಲದ ಬದುವಿನಲ್ಲಿ ಶ್ರೀಗಂಧದ ಸಸಿಯೊಂದು ತಾನಾಗಿ ಹುಟ್ಟಿದರೆ ಅದು ಯಾರ ಸೊತ್ತು? ನೆಟ್ಟವರು ಯಾರೂ ಇಲ್ಲ. ಹಣ್ಣನ್ನು ತಿಂದ ಹಕ್ಕಿಯು ಬೀಜವನ್ನು ಬೇಲಿಯ ಬುಡದಲ್ಲಿ ಉದುರಿಸಿ ಹೋಗಿದೆ. ನೆಲ ರೈತನದು, ಮಳೆ ದೈವದ್ದು. ಸಸಿಯಾದರೋ ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನಂಟಿಸಿ ಅವುಗಳ ರಸದಿಂದ ಬಾಳತಕ್ಕುದು. ಹೀಗಾಗಿ ಬೇಲಿಯ ಹೊಂಗೆ ಜಾಲಿಗಳೂ ಅದಕ್ಕೆ ಸಾಲ ಕೊಟ್ಟವುಗಳೇ. ಇಷ್ಟು ಜನ ಪಾಲುಗಾರರಿರುವ ಮರದ ವಿಷಯದಲ್ಲಿ ಒಡೆತನವೆಂಬ ಮಾತನ್ನು ಆಡುವುದು ಸುಲಭವಲ್ಲ. ಆದರೂ ಆಡದೆ ತೀರದು. ಏಕೆಂದರೆ ಅದರ ಚೇಗಿಗೆ ಬೆಲೆಯಿದೆ.

ಮೈಸೂರು ಸೀಮೆಯು ಈ ಪ್ರಶ್ನೆಗೆ ಇನ್ನೂರು ವರ್ಷಗಳಿಗೂ ಮಿಕ್ಕಿ ಒಂದೇ ಉತ್ತರವನ್ನು ಕೊಟ್ಟಿತು. 1792ರಲ್ಲಿ ಟಿಪ್ಪೂ ಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಸಾರಿದನು. ಆತನ ತರುವಾಯ ಬಂದ ಅರಸರೂ ಆ ಹಕ್ಕನ್ನು ಬಿಟ್ಟುಕೊಡಲಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮರವನ್ನು ಯುರೋಪಿಗೆ ಕಳುಹಿಸುವುದು ಕಷ್ಟವಾದಾಗ ಸಂಸ್ಥಾನವು 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಯನ್ನು ತೆರೆಯಿತು. ರಾಜ್ಯ ಹೋಗಿ ಪ್ರಜಾಪ್ರಭುತ್ವ ಬಂದ ಮೇಲೂ ಮರ ಮಾತ್ರ ಅರಸನದಾಗಿಯೇ ಉಳಿಯಿತು. ಅರಸನ ಹೆಸರು ಸರಕಾರವೆಂದಾಯಿತು, ಅಷ್ಟೆ. ಹೊಲದವನಿಗೆ ಬೆಲೆಯಲ್ಲಿ ಒಂದು ಪಾಲನ್ನು ಕೊಡುವ ಏರ್ಪಾಡು ಬಂದಿತಾದರೂ, ಮರವನ್ನು ಕಾಯುವ ಹೊಣೆ ಅವನದು, ಕಡಿಯುವ ಅಧಿಕಾರ ಇಲಾಖೆಯದು ಎಂಬ ವ್ಯವಸ್ಥೆಯು ಹಾಗೆಯೇ ನಿಂತಿತು.

ಇದರ ಫಲವೇನಾಯಿತು? ರಕ್ಷಣೆಗಾಗಿ ಮಾಡಿದ ಕಟ್ಟಳೆಯೇ ರೈತನನ್ನು ಮರಕ್ಕೆ ಹಗೆಯಾಗಿಸಿತು. ಬದುವಿನಲ್ಲಿ ಗಂಧದ ಸಸಿ ತಲೆಯೆತ್ತಿದರೆ, ಅದು ನಾಳೆ ಕಳುವಾದೀತು, ಕಳುವಾದರೆ ವಿಚಾರಣೆಗೆ ತಾನು ನಿಲ್ಲಬೇಕಾದೀತು ಎಂದು ಎಷ್ಟೋ ಮಂದಿ ಅದನ್ನು ಎಳೆಯದರಲ್ಲಿಯೇ ಕಿತ್ತೆಸೆದರು. ಇವರನ್ನು ದುಷ್ಟರೆನ್ನಲಾಗದು. ಪರರ ನಿಧಿಯನ್ನು ಬಲವಂತವಾಗಿ ಮನೆಯಲ್ಲಿ ಇರಿಸಿಕೊಳ್ಳಬೇಕಾದವನು ಆ ನಿಧಿಯನ್ನು ಪ್ರೀತಿಸುವನೆಂದು ನಿರೀಕ್ಷಿಸುವುದೇ ಅನ್ಯಾಯ. ಇತ್ತ ಕಾಡಿನ ಮರಗಳು ಕಳ್ಳರ ಪಾಲಾದವು. ಎಣ್ಣೆ ಬೇರಿನಲ್ಲಿಯೂ ಇರುವುದರಿಂದ ಈ ಮರವನ್ನು ಕಡಿಯುವುದಿಲ್ಲ, ಬುಡಸಮೇತ ಕೀಳುತ್ತಾರೆ. 1998ರ ಹೊತ್ತಿಗೆ ಶ್ರೀಗಂಧವು ಅಳಿವಿನ ಅಪಾಯವುಳ್ಳ ಮರಗಳ ಜಾಗತಿಕ ಪಟ್ಟಿಯನ್ನು ಸೇರಿತು.

ಹಾಗಾದರೆ ಮರವು ನೆಲದವನದೇ ಎಂದುಬಿಟ್ಟರೆ ಸಾಕೆ? ಇಲ್ಲಿ ವಿಚಾರ ತೊಡಕಾಗುತ್ತದೆ. ಸ್ವಾಮ್ಯವು ಶ್ರಮದಿಂದ ಹುಟ್ಟುತ್ತದೆಂಬುದು ಪ್ರಾಚೀನರ ಮತ. ಕಾಡನ್ನು ಸವರಿ ಹದಮಾಡಿದವನಿಗೆ ನಮ್ಮ ಸ್ಮೃತಿಕಾರರು ಹೊಲವನ್ನು ಸಲ್ಲಿಸಿದರು. ಆಂಗ್ಲ ತತ್ತ್ವಜ್ಞ ಲಾಕನು ಹೇಳಿದುದೂ ಇದಕ್ಕೆ ದೂರವಲ್ಲ. ಆದರೆ ಈ ನ್ಯಾಯದಲ್ಲಿ ಹಕ್ಕು ದೊರೆಯುವುದು ಕಡಿದವನಿಗೆ. ಗಂಧದ ವಿಷಯದಲ್ಲಿ ಹಿರಿದಾದ ಶ್ರಮವೆಂದರೆ ಕಡಿಯದಿರುವುದು. ಚೇಗು ಕಟ್ಟಲು ಹತ್ತು ಹದಿನೈದು ವರ್ಷ ಬೇಕು. ಅದು ಬಲಿಯಬೇಕಾದರೆ ಮೂವತ್ತು ವರ್ಷ ಕಳೆಯಬೇಕು. ಮಗಳ ಮದುವೆ, ಬರಗಾಲ, ಸಾಲದವನ ಒತ್ತಾಯ, ಇವೆಲ್ಲ ಬಂದು ಹೋಗುವ ಮೂವತ್ತು ವರ್ಷ ಕೈಯನ್ನು ತಡೆದುಕೊಂಡವನ ಸಂಯಮಕ್ಕೆ ಯಾವ ಶಾಸ್ತ್ರವೂ ಬೆಲೆ ಕಟ್ಟಿದಂತೆ ಕಾಣದು. ಅರಣ್ಯಾಧಿಕಾರಿಗಳು ಬರೆಯುವ ಕಾರ್ಯಯೋಜನೆಯ ತಿರುಳೂ ಇದೇ: ಕಾಡು ವರ್ಷಕ್ಕೆ ಎಷ್ಟು ಬೆಳೆಯುವುದೋ ಅದಕ್ಕಿಂತ ಹೆಚ್ಚು ತೆಗೆಯಲಾಗದು. ಲೆಕ್ಕ ಸರಿಯೇ; ಆದರೆ ಲೆಕ್ಕ ಬರೆದ ಅಧಿಕಾರಿಯು ಮರ ಬಲಿಯುವ ಮುನ್ನವೇ ಹತ್ತು ಊರಿಗೆ ವರ್ಗವಾಗಿ ನಿವೃತ್ತನಾಗಿರುತ್ತಾನೆ. ಕೊನೆಯವರೆಗೂ ಅಲ್ಲಿರುವವನು ರೈತ, ಅಥವಾ ಅವನ ಮಗ.

ಒಡೆತನವೊಂದೇ ಸಂಯಮವನ್ನು ಕಲಿಸುವುದೆಂದು ನಂಬುವವರು ಉತ್ತರ ಕನ್ನಡದ ಸೊಪ್ಪಿನ ಬೆಟ್ಟಗಳನ್ನು ನೋಡಬೇಕು. ಶಿರಸಿ ಸಿದ್ದಾಪುರಗಳ ಅಡಕೆಯ ತೋಟಿಗರಿಗೆ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಸೊಪ್ಪು ತರಗೆಲೆಗಳಿಗಾಗಿ ಬಿಟ್ಟುಕೊಟ್ಟ ಪದ್ಧತಿ ಅಲ್ಲಿದೆ. ಗಂಧದಲ್ಲಿ ನೆಲ ರೈತನದು, ಮರ ಸರಕಾರದ್ದು; ಬೆಟ್ಟದಲ್ಲಿ ನೆಲ ಸರಕಾರದ್ದು, ಸೊಪ್ಪು ರೈತನದು. ಅಲ್ಲಿ ಒಂದು ಮನೆಯ ಬೆಟ್ಟ ದಟ್ಟವಾಗಿ ತಣ್ಣಗಿದ್ದರೆ, ಪಕ್ಕದ ಮನೆಯದು ಬೋಳಾಗಿ ಕಲ್ಲು ತೋರುತ್ತಿರುತ್ತದೆ. ಎರಡಕ್ಕೂ ಕಾಯಿದೆ ಒಂದೇ, ಮಳೆ ಒಂದೇ. ವ್ಯತ್ಯಾಸವಾದುದು ಕೊಂಬೆಯ ತುದಿಯನ್ನು ಬಿಟ್ಟು ಸವರುವ ಕೈಯಲ್ಲಿ. ತೋಟ ಮೊಮ್ಮಗನಿಗೂ ಬೇಕೆಂಬ ನೆನಪಿನಲ್ಲಿ.

ಆದಾಗ್ಯೂ ಅನ್ಯಾಯದ ಕಾಯಿದೆಯ ಕೆಳಗೆ ಸದ್ಗುಣವನ್ನು ಬೆಳೆಸುವುದು ಕಷ್ಟವೆಂಬುದು ದಿಟ. 2001ರಲ್ಲಿ ಕರ್ನಾಟಕವು ತನ್ನ ಅರಣ್ಯ ಕಾಯಿದೆಯನ್ನು ತಿದ್ದಿ, ಹೊಲದಲ್ಲಿರುವ ಗಂಧ ಹೊಲದವನದೆಂದು ಒಪ್ಪಿತು. ಮರುವರ್ಷ ತಮಿಳುನಾಡೂ ಅದೇ ದಾರಿ ಹಿಡಿಯಿತು. ಕಡಿಯುವುದಕ್ಕೂ ಸಾಗಿಸುವುದಕ್ಕೂ ಅಪ್ಪಣೆ ಬೇಕೆಂಬ ಕಟ್ಟು ಉಳಿದರೂ ತಿದ್ದುಪಡಿ ನ್ಯಾಯವಾದುದೇ, ತಡವಾಗಿ ಬಂದುದು ಮಾತ್ರ ವಿಷಾದಕರ. ಈಗ ರೈತರು ತೊಗರಿಯನ್ನು ಆಸರೆಯ ಗಿಡವಾಗಿ ಹಾಕಿ ಗಂಧವನ್ನು ಸಾಲು ಸಾಲಾಗಿ ನೆಡುತ್ತಿದ್ದಾರೆ. ಸಿರಿವಂತನು ತಂತಿಬೇಲಿ ಕಟ್ಟಿ ಕಾವಲಿಡುತ್ತಾನೆ. ಎರಡು ಎಕರೆಯವನು ರಾತ್ರಿ ತಾನೇ ಎದ್ದು ಹೋಗಿ ನೋಡಿ ಬರಬೇಕು. ಕಳ್ಳನ ಭಯ ಹೆಚ್ಚಾದಂತೆ ಹನ್ನೆರಡು ವರ್ಷದ ಎಳೆಯ ಮರವನ್ನೇ ಮಾರಿಬಿಡೋಣವೆಂಬ ಆಲೋಚನೆ ಅವನಿಗೆ ಬರುತ್ತದೆ. ಹಕ್ಕು ಅವನಿಗೆ ದೊರೆತಿದೆ. ಇನ್ನು ಹದಿನೆಂಟು ವರ್ಷ ಕಾಯುವಷ್ಟು ನೆಮ್ಮದಿಯನ್ನು ಅವನಿಗೆ ಯಾರು ಒದಗಿಸಬೇಕೆಂಬುದನ್ನು ತಿದ್ದುಪಡಿಯು ಹೇಳಿಲ್ಲ.