ಇಂದಿನ ಧಮ್ಮ ಚಿಂತನೆ: ವಾಸೆಟ್ಠ ಸುತ್ತದ ಇರುವೆ

 

ಸುತ್ತನಿಪಾತದ ವಾಸೆಟ್ಠ ಸುತ್ತವನ್ನು ನಮ್ಮ ಬಳಗದಲ್ಲಿ ಬಹಳ ಮಂದಿ ಓದಿದ್ದೀರಿ. ವಾಸೆಟ್ಠ, ಭಾರದ್ವಾಜ ಎಂಬ ಇಬ್ಬರು ಬ್ರಾಹ್ಮಣ ತರುಣರು. ತಾಯಿಯ ಕಡೆ, ತಂದೆಯ ಕಡೆ ಏಳು ತಲೆಮಾರು ಶುದ್ಧವಾಗಿದ್ದರೆ ಅವನು ಬ್ರಾಹ್ಮಣ ಎಂದು ಭಾರದ್ವಾಜನ ವಾದ. ಶೀಲ ಇದ್ದವನು ಬ್ರಾಹ್ಮಣ ಎಂದು ವಾಸೆಟ್ಠನ ವಾದ. ಒಬ್ಬರನ್ನೊಬ್ಬರು ಒಪ್ಪಿಸಲಾರದೆ ಇಬ್ಬರೂ ಬುದ್ಧರ ಬಳಿ ಬರುತ್ತಾರೆ. ಬುದ್ಧರು ತಕ್ಷಣ ಬ್ರಾಹ್ಮಣರ ವಿಷಯಕ್ಕೆ ಬರುವುದಿಲ್ಲ. ಹುಲ್ಲು, ಮರದಿಂದ ಶುರು ಮಾಡುತ್ತಾರೆ. ಆಮೇಲೆ ಹುಳು, ಪತಂಗ, ಇರುವೆ. ಆಮೇಲೆ ನಾಲ್ಕು ಕಾಲಿನ ಪ್ರಾಣಿ, ಹಾವು, ಮೀನು, ಹಕ್ಕಿ. ಇವುಗಳಿಗೆಲ್ಲ ಹುಟ್ಟಿನಿಂದ ಬಂದ ಬೇರೆ ಬೇರೆ ಗುರುತುಗಳಿವೆ, ಇವುಗಳಲ್ಲಿ ಜಾತಿ ಉಂಟು ಎಂದು ಒಪ್ಪುತ್ತಾರೆ. ನಂತರ ಮನುಷ್ಯನ ಕೂದಲು, ಕಿವಿ, ಕಣ್ಣು, ತುಟಿ, ಬೆನ್ನು, ಕೈಕಾಲು, ಧ್ವನಿ ಎಂದು ಒಂದೊಂದನ್ನೇ ಹೆಸರಿಸುತ್ತಾ ಹೋಗಿ, ಇಲ್ಲಿ ಎಲ್ಲಿಯೂ ಅಂಥ ಗುರುತಿಲ್ಲ ಎನ್ನುತ್ತಾರೆ.

ಆ ಪಟ್ಟಿಯಲ್ಲಿ ಬರುವ ಇರುವೆಯನ್ನು ಪಾಲಿಯಲ್ಲಿ ಕಿಪಿಲ್ಲಿಕ ಎನ್ನುತ್ತಾರೆ. ಓದುವಾಗ ನಾವು ಅದನ್ನು ದಾಟಿಕೊಂಡು ಮುಂದೆ ಹೋಗಿಬಿಡುತ್ತೇವೆ. ಈ ವಾರ ಅಲ್ಲೇ ನಿಲ್ಲಬೇಕಾಯಿತು.

ಯಲಹಂಕದ ನಮ್ಮ ಬಳಗದ ಒಂದು ಮನೆಯಲ್ಲಿ ಎಂಟನೇ ತರಗತಿಯ ಹುಡುಗ ಇರುವೆ ಸಾಕಿದ್ದಾನೆ. ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿತದ್ದು. ಮುಂಗಾರಿಗೆ ಮುಂಚಿನ ಒಂದು ಮಳೆ ಬಿದ್ದ ಸಂಜೆ ಬೀದಿದೀಪದ ಕೆಳಗೆ ರೆಕ್ಕೆ ಕಳಚಿಕೊಂಡು ಓಡಾಡುತ್ತಿದ್ದ ಒಂದು ರಾಣಿ ಇರುವೆ ಸಿಕ್ಕಿತಂತೆ. ಟೆಸ್ಟ್ ಟ್ಯೂಬಿನ ಅರ್ಧಕ್ಕೆ ನೀರು, ಅದಕ್ಕೆ ಹತ್ತಿಯ ತಡೆ, ಈಚೆಗೆ ರಾಣಿ, ಬಾಯಿಗೆ ಮತ್ತೊಂದು ಹತ್ತಿ. ಕಪ್ಪು ಬಟ್ಟೆ ಸುತ್ತಿ ಬೀರುವಿನಲ್ಲಿ ಇಟ್ಟ. ಇಂಥ ರಾಣಿಗೆ ಆಗ ಊಟವೇ ಬೇಡ. ಹಾರುವುದು ಮುಗಿಯಿತಲ್ಲ, ರೆಕ್ಕೆಗಳಿಗೆ ಬಲ ಕೊಡುತ್ತಿದ್ದ ಸ್ನಾಯುಗಳೇ ಕರಗಿ ಆಹಾರವಾಗುತ್ತವೆ. ಅದರಿಂದಲೇ ಮೊಟ್ಟೆ ಇಟ್ಟು, ಅದರಿಂದಲೇ ಮರಿಹುಳುಗಳಿಗೆ ಉಣಿಸುತ್ತದೆ. ತಿಂಗಳ ಆಸುಪಾಸಿನಲ್ಲಿ ಮೊದಲ ನಾಲ್ಕಾರು ಕೆಲಸಗಾರ ಇರುವೆಗಳು ಹೊರಬರುತ್ತವೆ. ತಾಯಿಯ ಬಡತನದಲ್ಲಿ ಹುಟ್ಟಿದವು, ಗಾತ್ರದಲ್ಲಿ ಪುಟಾಣಿ. ಅವು ಬಂದ ಮೇಲೆ ಸಕ್ಕರೆ ನೀರು, ಬೇಯಿಸಿದ ಮೊಟ್ಟೆಯ ಚೂರು ಇಟ್ಟರೆ ಸಾಕು, ಸಂಸಾರ ಬೆಳೆಯುವ ವೇಗಕ್ಕೆ ಮನೆಯವರು ಬೆರಗಾಗುತ್ತಾರೆ. ಇವನದು ಫೈಡೋಲೆ ಎಂಬ ಗುಂಪಿನ ಸಣ್ಣ ಇರುವೆ, ನಮ್ಮ ಅಡುಗೆಮನೆಯ ಗೋಡೆಬದಿಯಲ್ಲಿ ಸಾಲು ಹೋಗುವಂಥದ್ದು. ಬೇಗ ಬೆಳೆಯುವ ಜಾತಿ. ಟ್ಯೂಬು ಸಾಲದೆ ಪ್ಲಾಸ್ಟಿಕ್ ಡಬ್ಬಿ, ಅದೂ ಸಾಲದೆ ಇನ್ನೊಂದು ಡಬ್ಬಿ. ಈಗ ನೂರಾರು ಇವೆ. ಅವುಗಳ ನಡುವೆ ಮೈಗಿಂತ ತಲೆಯೇ ದೊಡ್ಡದಾದ ಕೆಲವು. ಗಟ್ಟಿ ಕಾಳು ಒಡೆಯುವುದು, ಗೂಡು ಕಾಯುವುದು ಅವುಗಳ ಕೆಲಸ.

ಪಕ್ಕದ ಮನೆಯ ಹಿರಿಯರೊಬ್ಬರು ಡಬ್ಬಿ ನೋಡಿ ಹುಡುಗನಿಗೆ ಹೇಳಿದರಂತೆ: ನೋಡಿದ್ಯಾ, ಇರುವೆಯಲ್ಲೂ ಜಾತಿ ಇದೆ, ರಾಣಿ ರಾಣಿಯೇ, ಸಿಪಾಯಿ ಸಿಪಾಯಿಯೇ, ಆಳು ಆಳೇ, ಇದು ಯಾರೂ ಮಾಡಿದ್ದಲ್ಲ, ಪ್ರಕೃತಿ. ಹುಡುಗ ಇಂಗ್ಲಿಷ್ ಪುಸ್ತಕ ತೆಗೆದು ನೋಡಿದರೆ ಅಲ್ಲೂ ಅದೇ ಪದ, ಕಾಸ್ಟ್. ರಾಣಿ ಒಂದು ಕಾಸ್ಟ್, ಕೆಲಸಗಾರ ಒಂದು ಕಾಸ್ಟ್. "ಮಿಸ್, ಹಾಗಾದ್ರೆ ಅವರು ಹೇಳಿದ್ದು ನಿಜಾನಾ?" ಎಂದು ಭಾನುವಾರದ ತರಗತಿಯಲ್ಲಿ ಕೇಳಿದ. ಕೇಳುವಾಗ ಅವನ ದನಿ ಇಳಿದಿತ್ತು. ಅವನ ಅಜ್ಜ ಊರ ಹೊರಗಿನ ಕೇರಿಯಲ್ಲಿ ಹುಟ್ಟಿ, ತಮಟೆ ಬಿಟ್ಟು ಬೆಂಗಳೂರಿಗೆ ಬಂದವರು. ಆ ಪ್ರಶ್ನೆ ಅವನಿಗೆ ಇರುವೆಯ ಪ್ರಶ್ನೆ ಆಗಿರಲಿಲ್ಲ.

ಪದದಿಂದಲೇ ಹಿಡಿಯೋಣ. ಕಾಸ್ಟ್ ಎಂಬುದು ಪೋರ್ಚುಗೀಸರ ಕಾಸ್ಟಾ, ತಳಿ, ವಂಶ ಎಂಬರ್ಥದ್ದು. ನಮ್ಮ ದೇಶದ ಜಾತಿಗೆ ಅವರು ಅಂಟಿಸಿದ ಪದವನ್ನು ಆಮೇಲೆ ಕೀಟಶಾಸ್ತ್ರದವರು ಇರುವೆಗೂ ಅಂಟಿಸಿದರು. ಅಂದರೆ ಮನುಷ್ಯರ ಸಮಾಜದಿಂದ ಪದ ತೆಗೆದುಕೊಂಡು ಹೋಗಿ ಹುತ್ತದ ಮೇಲೆ ಬರೆದು, ಈಗ ಹುತ್ತವನ್ನು ತೋರಿಸಿ ಮನುಷ್ಯರಿಗೆ ಪಾಠ ಹೇಳುವುದು. ಕನ್ನಡದಲ್ಲಿ ನಾವು 'ಇದು ಯಾವ ಜಾತಿಯ ಮಾವು' ಎಂದು ಕೇಳುತ್ತೇವೆ. ಆ ಮಾತು ಸರಿ. ಬಾದಾಮಿ ಬೇರೆ, ರಸಪುರಿ ಬೇರೆ, ಕಣ್ಣಿಗೆ ಕಾಣುತ್ತದೆ, ನಾಲಗೆಗೆ ತಿಳಿಯುತ್ತದೆ. ವಾಸೆಟ್ಠ ಸುತ್ತದಲ್ಲಿ ಜಾತಿ ಎಂಬ ಪದಕ್ಕೆ ಇರುವ ಅರ್ಥವೂ ಅದೇ. ಮಾವಿಗೆ ಸಲ್ಲುವ ಪದವನ್ನು ಮನುಷ್ಯನಿಗೆ ಅಂಟಿಸುವಾಗಲೇ ಮೋಸ ನಡೆಯುತ್ತದೆ.

ಇನ್ನು ಡಬ್ಬಿಯನ್ನೇ ನೋಡಿ. ಬಂದು ನೋಡು ಎನ್ನುವುದು ನಮ್ಮ ಧಮ್ಮ. ಆ ದಪ್ಪ ತಲೆಯ ಇರುವೆಯ ತಾಯಿ ಯಾರು? ಅದೇ ರಾಣಿ. ಸಣ್ಣ ತಲೆಯದರ ತಾಯಿ? ಅದೇ ರಾಣಿ. ಎರಡೂ ಅಕ್ಕತಂಗಿಯರು. ಮರಿಹುಳುವಾಗಿದ್ದಾಗ ಹೆಚ್ಚು ತಿಂದು ಬೆಳೆದದ್ದು ದಪ್ಪ ತಲೆಯದಾಯಿತು. ಬಹುತೇಕ ಇರುವೆಗಳಲ್ಲಿ ಒಂದು ಹೆಣ್ಣು ಮೊಟ್ಟೆ ರಾಣಿಯಾಗುವುದೋ ಕೆಲಸಗಾರಳಾಗುವುದೋ ಎಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ಅದಕ್ಕೆ ಸಿಕ್ಕ ಊಟ, ಆರೈಕೆ, ಹವೆ. ರಾಣಿಯ ಮಗಳು ಇವತ್ತು ಕಸ ಹೊರುತ್ತಾಳೆ, ನಾಳೆ ಹುಟ್ಟುವ ಅವಳ ತಂಗಿ ರಾಣಿಯಾಗಿ ಹಾರಿಹೋಗುತ್ತಾಳೆ. ಬಾಬಾಸಾಹೇಬರು 1916ರ ಮೇ 9ರಂದು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ ಜಾತಿಯ ಜೀವಾಳ ಒಳಮದುವೆ ಎಂದು ತೋರಿಸಿದರು. ತಮ್ಮೊಳಗೇ ಹೆಣ್ಣು ಕೊಟ್ಟು ತಂದುಕೊಳ್ಳುವ ಬೇಲಿ ಕಿತ್ತರೆ ಜಾತಿ ನಿಲ್ಲುವುದಿಲ್ಲ. ಆ ಅಳತೆಗೋಲು ಇಟ್ಟು ನೋಡಿದರೆ ಇರುವೆ ಗೂಡಿನಲ್ಲಿ ಜಾತಿ ಎಲ್ಲಿದೆ? ತಾಯಿ ಒಂದು ಜಾತಿ, ಮಗಳು ಇನ್ನೊಂದು ಜಾತಿ ಎನ್ನಲಾದೀತೇ? 1936ರ ಜಾತಿ ವಿನಾಶದಲ್ಲಿ ಅವರು ಇನ್ನೂ ಒಂದು ಮಾತು ಬಿಡಿಸಿ ಹೇಳಿದರು, ಜಾತಿ ಹಂಚುವುದು ಕೆಲಸವನ್ನಲ್ಲ, ಕೆಲಸ ಮಾಡುವವರನ್ನು ಮೇಲುಕೀಳಾಗಿ ವಿಂಗಡಿಸುತ್ತದೆ ಎಂದು. ಬಹಳಷ್ಟು ಇರುವೆಗಳು ತಾವು ಕುಡಿದ ರಸವನ್ನು ಬಾಯಿಂದ ಬಾಯಿಗೆ ಕೊಡುತ್ತವೆ. ಕಸ ಹೊತ್ತು ಬಂದವಳ ಬಾಯಿಯ ಹನಿ ರಾಣಿಯ ಬಾಯಿಗೂ ಹೋಗಬಹುದು. ಮಹಾಡದ ಕೆರೆಯ ನೀರು ಮುಟ್ಟಲು 1927ರಲ್ಲಿ ಸತ್ಯಾಗ್ರಹ ಮಾಡಬೇಕಾದ ಜನ ನಾವು.

ನಮ್ಮ ನಾಡಿನದೇ ಇನ್ನೊಂದು ಇರುವೆಯ ವಿಷಯ ಹೇಳಬೇಕು. ದೊಡ್ಡ ಕಣ್ಣು, ಉದ್ದ ದವಡೆ, ಜಿಗಿದು ಬೇಟೆ ಹಿಡಿಯುವ ಇರುವೆ. ಹಾರ್ಪೆಗ್ನಾಥಸ್ ಸಾಲ್ಟೇಟರ್ ಎಂದು ಅದರ ಶಾಸ್ತ್ರೀಯ ಹೆಸರು. ಗೂಡಿನ ಕೋಣೆಗಳ ಗೋಡೆಗೆ ಹಳೆಯ ಕೋಶದ ರೇಷ್ಮೆಯ ಚೂರುಗಳನ್ನು ಅಂಟಿಸಿಕೊಳ್ಳುತ್ತದೆ. ಈ ಗೂಡಿನ ಬಗ್ಗೆ 1994ರಲ್ಲಿ ಬಂದ ಪ್ರಬಂಧದಲ್ಲಿ ಹೊರದೇಶದ ವಿಜ್ಞಾನಿಗಳ ಜೊತೆ ನಮ್ಮ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಮುಸ್ತಾಕ್ ಅಲಿ ಅವರ ಹೆಸರೂ ಇದೆ. ಕರ್ನಾಟಕದ ಇರುವೆಗಳನ್ನು ಗುರುತಿಸುವುದರಲ್ಲೇ ಜೀವಮಾನ ಕಳೆದವರು. ಜಿಕೆವಿಕೆ ಮುಂದೆ ದಿನಾ ಬಸ್ಸಿನಲ್ಲಿ ಹೋಗುವ ನಮಗೆ ಇದು ಗೊತ್ತಿರಲಿ. ಈ ಇರುವೆಯ ಗೂಡಿನಲ್ಲಿ ರಾಣಿ ಸತ್ತರೆ ಕೆಲಸಗಾರರೇ ಮೀಸೆಯಿಂದ ಮೀಸೆಗೆ ಹೊಡೆದಾಡುತ್ತಾರೆ. ದಿನಗಟ್ಟಲೆ ನಡೆಯುವ ಆ ಪಂದ್ಯದಲ್ಲಿ ಗೆದ್ದವರು, ಒಬ್ಬರಲ್ಲ ಹಲವರು, ಮೊಟ್ಟೆ ಇಡತೊಡಗುತ್ತಾರೆ. ಸುಮಾರು ಏಳು ತಿಂಗಳು ಬದುಕುವ ಕೆಲಸಗಾರಳು ಆ ಸ್ಥಾನಕ್ಕೆ ಬಂದರೆ ನಾಲ್ಕು ವರ್ಷದವರೆಗೆ ಬದುಕಬಲ್ಲಳು. ಮಿದುಳು ಐದನೇ ಒಂದು ಪಾಲಿನಷ್ಟು ಕುಗ್ಗುತ್ತದೆ. ಮತ್ತೆ ಕೆಲಸಕ್ಕೆ ಇಳಿಸಿದರೆ ಮಿದುಳು ಮೊದಲಿನಂತೆ ಬೆಳೆಯುತ್ತದೆ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆಳು ಆಳೇ ಎಂದ ಹಿರಿಯರು ಇದನ್ನು ಕೇಳಿರಲಿಕ್ಕಿಲ್ಲ.

ಕೆಲವು ಇರುವೆಗಳಲ್ಲಿ ರಾಣಿಯಾಗುವುದರಲ್ಲಿ ಹುಟ್ಟಿನ ಪಾಲೂ ಉಂಟು. ಇರಲಿ. ಅದರಿಂದ ನಮಗೆ ಏನೂ ನಷ್ಟವಿಲ್ಲ. ಬುದ್ಧರು ಇರುವೆಗೆ ಜಾತಿ ಇಲ್ಲ ಎಂದು ಸಾಧಿಸಲು ಹೊರಡಲೇ ಇಲ್ಲ. ಅದಕ್ಕಿದೆ ಎಂದು ಮೊದಲೇ ಒಪ್ಪಿಕೊಂಡು, ಮನುಷ್ಯನ ಮೈಮೇಲೆ ಆ ಗುರುತು ತೋರಿಸು ಎಂದರು. ರಾಣಿ ಇರುವೆಯನ್ನು ಗುಂಪಿನಲ್ಲಿ ಬಿಟ್ಟರೂ ಹುಡುಗ ಒಂದು ಕ್ಷಣದಲ್ಲಿ ಗುರುತಿಸುತ್ತಾನೆ. ಮೆಜೆಸ್ಟಿಕ್ಕಿನಲ್ಲಿ ಬಸ್ಸು ಇಳಿಯುವ ಜನರಲ್ಲಿ ಯಾರ ಜಾತಿ ಯಾವುದು ಎಂದು ಹೆಸರು, ಊರು, ಅಡ್ಡಹೆಸರು ಕೇಳದೆ ಯಾರಾದರೂ ಹೇಳಲಿ ನೋಡೋಣ. ಅದಕ್ಕೇ ಅಲ್ಲವೇ ಬಾಡಿಗೆ ಮನೆ ಕೇಳಲು ಹೋದಾಗ ಅಷ್ಟೊಂದು ಸುತ್ತುಬಳಸಿನ ಪ್ರಶ್ನೆಗಳು!

ಇದರ ಜೊತೆಗೆ ಇನ್ನೊಂದು ಮಾತು. ನಮ್ಮ ಕಡೆಯವರೂ ಕೆಲವರು ಇರುವೆಯನ್ನು ನೋಡಿ ಸಮಾನತೆ ಕಲಿಯಿರಿ, ಒಗ್ಗಟ್ಟು ಕಲಿಯಿರಿ ಎಂದು ಕಳಿಸುತ್ತಿರುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಪಕ್ಕದ ಗೂಡಿನ ಇರುವೆ ಡಬ್ಬಿಗೆ ಬಿದ್ದರೆ ಇವು ಅದನ್ನು ತುಂಡು ತುಂಡು ಮಾಡುತ್ತವೆ. ಅಲ್ಲಿ ಸ್ವಾತಂತ್ರ್ಯವೂ ಇಲ್ಲ, ಮೈತ್ರಿಯೂ ಇಲ್ಲ. ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವವನ್ನು ತಾವು ಪಡೆದದ್ದು ಬುದ್ಧರ ಬೋಧನೆಯಿಂದ ಎಂದು ಬಾಬಾಸಾಹೇಬರು 1954ರಲ್ಲಿ ಆಕಾಶವಾಣಿಯಲ್ಲಿ ಹೇಳಿದರು. ಇರುವೆಯಿಂದ ಎಂದು ಹೇಳಲಿಲ್ಲ. ಜಾತಿಯ ಪರವಾಗಲಿ ವಿರೋಧವಾಗಲಿ, ಇರುವೆಯನ್ನು ಸಾಕ್ಷಿಗೆ ಕರೆಯುವುದು ಬೇಡ.

ಹಾಗಾದರೆ ಇರುವೆ ಸಾಕಬಹುದೇ, ಇದು ಮೊದಲ ಶೀಲಕ್ಕೆ ವಿರುದ್ಧವಲ್ಲವೇ ಎಂದು ಹುಡುಗನ ತಾಯಿ ಕೇಳಿದರು. ಒಳ್ಳೆಯ ಪ್ರಶ್ನೆ. ವಿನಯದಲ್ಲಿ ಉಪಸಂಪದೆ ಪಡೆದ ಭಿಕ್ಖುವಿಗೆ ಹೇಳುವ ಮಾತಿನಲ್ಲಿ, ಇರುವೆಯಷ್ಟು ಚಿಕ್ಕ ಜೀವವನ್ನೂ ಬೇಕೆಂದು ಕೊಲ್ಲಬಾರದು ಎಂದಿದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಎಲ್ಲ ಜೀವಿಗಳ ಮೇಲೆ ಕರುಣೆ ಇಡುವುದೂ ಒಂದು. ಆದರೆ 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಅವರು ಅಹಿಂಸೆಯನ್ನು ಕುರುಡು ನಿಯಮ ಮಾಡಲಿಲ್ಲ. ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಬಯಕೆ ಬೇರೆ ಎಂದು ವಿಂಗಡಿಸಿದರು. ಮಗುವಿನ ಹಾಸಿಗೆಗೆ ಕಚ್ಚುವ ಇರುವೆ ಬಂದರೆ ಏನು ಮಾಡಬೇಕೋ ಅದನ್ನು ಮಾಡುತ್ತೇವೆ. ಸಾಲಾಗಿ ಹೋಗುವುದನ್ನು ಕಂಡ ಕೂಡಲೇ ಸುಮ್ಮನೆ ಕುದಿಯುವ ನೀರು ಸುರಿಯುವುದು ಬೇರೆ. ಶನಿಕಾಟ ಹೋಗಲಿ ಎಂದು ಶನಿವಾರ ಇರುವೆಗೆ ಸಕ್ಕರೆ ಚೆಲ್ಲುವವರಿದ್ದಾರೆ. ಅದು ಶನಿಯ ಜೊತೆ ವ್ಯಾಪಾರ, ಕರುಣೆಯ ಲೆಕ್ಕಕ್ಕೆ ಬರುವುದಿಲ್ಲ.

ಸಾಕುವುದಾದರೆ ಒಂದು ಗೂಡು ಸಾಕು. ಬೇಗ ಬೆಳೆಯುವ ಇರುವೆ ಸಾಕುವವರಿಗೆ ತಣ್ಹೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಇನ್ನೊಂದು ಟ್ಯೂಬು, ಇನ್ನೊಂದು ಬಣ್ಣದ್ದು, ದೂರದ ಊರಿನದು. ಹಣ ಕೊಟ್ಟು ತರಿಸುವುದಂತೂ ಬೇಡವೇ ಬೇಡ. ಅಂಗುತ್ತರ ನಿಕಾಯದಲ್ಲಿ ಉಪಾಸಕರು ಮಾಡಬಾರದ ಐದು ವ್ಯಾಪಾರಗಳಲ್ಲಿ ಜೀವಿಗಳ ವ್ಯಾಪಾರವೂ ಸೇರಿದೆ. 2025ರಲ್ಲಿ ಕೀನ್ಯಾದಲ್ಲಿ ಬೆಲ್ಜಿಯಂನ ಇಬ್ಬರು ಹುಡುಗರು ಹತ್ತಿ ತುರುಕಿದ ಟ್ಯೂಬುಗಳಲ್ಲಿ ಸುಮಾರು 5,000 ಇರುವೆಗಳನ್ನು, ಹೆಚ್ಚಾಗಿ ರಾಣಿಗಳನ್ನು, ಇಟ್ಟುಕೊಂಡು ಸಿಕ್ಕಿಬಿದ್ದರು. ತಲಾ 10 ಲಕ್ಷ ಶಿಲ್ಲಿಂಗ್ ದಂಡ, ಇಲ್ಲವಾದರೆ ಒಂದು ವರ್ಷ ಜೈಲು ಎಂದು ನ್ಯಾಯಾಲಯ ಹೇಳಿತು. ಒಂದು ರಾಣಿ ಹೋದರೆ ಆ ನೆಲದಲ್ಲಿ ಬರಬೇಕಾಗಿದ್ದ ಒಂದು ಇಡೀ ಗೂಡು ಹೋದಂತೆ. ದೂರದಿಂದ ತಂದದ್ದು ಇಲ್ಲಿ ತಪ್ಪಿಸಿಕೊಂಡರೆ ಇಲ್ಲಿನ ಇರುವೆಗಳಿಗೂ ಕುತ್ತು.

ಹುಡುಗನ ಡಬ್ಬಿ ಇನ್ನು ಹೆಚ್ಚು ದಿನ ಸಾಲುವುದಿಲ್ಲ. ಒಳ್ಳೆಯ ಮಳೆ ಬಂದು ನೆಲ ಮೆತ್ತಗಾದ ಮೇಲೆ, ರಾಣಿ ಸಿಕ್ಕ ಅದೇ ಬೀದಿಯ ಬದಿಯ ಮಣ್ಣಿನಲ್ಲಿ, ನೆರಳು ಇರುವ ಕಡೆ ಬಿಡುವುದೆಂದು ಮನೆಯವರು ಮಾತಾಡಿಕೊಂಡಿದ್ದಾರೆ. ಅದಕ್ಕೆ ಮುಂಚೆ ಬರುವ ಭಾನುವಾರ ಬೆಳಗ್ಗೆ ತರಗತಿಗೆ ಡಬ್ಬಿ ತರುತ್ತಾನೆ. ವಂದನೆ ಮುಗಿದ ಮೇಲೆ ವಾಸೆಟ್ಠ ಸುತ್ತದ ಮೊದಲ ಭಾಗ ಓದುತ್ತೇವೆ. ಮನೆಯಲ್ಲಿ ಭೂತಗನ್ನಡಿ ಇದ್ದವರು ಮರೆಯದೆ ತನ್ನಿ, ಮಕ್ಕಳನ್ನೂ ಕರೆತನ್ನಿ.