ಅಕ್ಕನ ರಾತ್ರಿಗಳ ಲೆಕ್ಕ

ಅಕ್ಕನಿಗೆ ಆನ್‌ಲೈನ್ ಕೌನ್ಸೆಲಿಂಗ್ ಬುಕ್ ಮಾಡಿದ ದಿನ ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡಿದ್ದೆ. ಸುಳ್ಳು ಯಾಕೆ ಹೇಳಲಿ?

ನಮ್ಮ ಮನೆ ಇರೋದು ಕುಂದಾಪುರದಿಂದ ಬೈಂದೂರಿಗೆ ಹೋಗುವ ದಾರಿಯಲ್ಲಿ, ಹೆಮ್ಮಾಡಿ ಹತ್ತಿರ. ಅಮ್ಮನಿಗೆ ಸ್ಟ್ರೋಕ್ ಆಗಿ ಮೂರು ವರ್ಷ. ಎಡಗೈ, ಎಡಗಾಲು ಸ್ವಾಧೀನದಲ್ಲಿಲ್ಲ. ಭಾವನಿಗೆ ಮುಂಬಯಿಯಲ್ಲಿ ಹೋಟೆಲ್ ಕೆಲಸ, ನನಗೆ ಬೆಂಗಳೂರಲ್ಲಿ ಐಟಿ ಕೆಲಸ. ಹಾಗಾಗಿ ಬ್ರಹ್ಮಾವರದ ಗಂಡನ ಮನೆಯಿಂದ ಬಂದು ಅಮ್ಮನ ಜೊತೆ ಉಳಿದವಳು ಅಕ್ಕ. ಈ ‘ಹಾಗಾಗಿ’ ಅನ್ನೋ ಪದ ನೆನಪಿರಲಿ, ಆಮೇಲೆ ಬೇಕಾಗುತ್ತೆ.

ದಿನಾ ಫೋನ್ ಮಾಡ್ತಿದ್ದೆ. ಹೇಗಿದ್ದೀಯಾ ಅಂದರೆ, “ನಂಗೆಂತ ಇಲ್ಲ ಮಗಾ, ನೀ ಉಂಡ್ಯಾ?” ಅನ್ನೋಳು. ಒಂದು ರಾತ್ರಿ ಮಾತ್ರ “ಸಾಕಾಯ್ತ್ ಮಗಾ” ಅಂದು ಫೋನ್ ಇಟ್ಟಳು. ನನ್ನ ಆಫೀಸ್ ಬುದ್ಧಿ ತಕ್ಷಣ ಕೆಲಸ ಮಾಡಿತು. ಸಮಸ್ಯೆ: ಒತ್ತಡ. ಪರಿಹಾರ: ಥೆರಪಿಸ್ಟ್. ಕನ್ನಡ ಬಲ್ಲ ಒಬ್ಬ ಫ್ಯಾಮಿಲಿ ಥೆರಪಿಸ್ಟ್ ಹುಡುಕಿ, ಐದು ಸೆಷನ್‌ಗೆ ದುಡ್ಡು ಹಾಕಿ, ಲಿಂಕ್ ಕಳಿಸಿ ನಿಶ್ಚಿಂತೆಯಿಂದ ಮಲಗಿದೆ.

ಅದರಿಂದ ಅಕ್ಕನಿಗೆ ಉಪಕಾರ ಆಗಲಿಲ್ಲ ಅಂತಲ್ಲ. ನಮ್ಮೂರಲ್ಲಿ ಮನಸ್ಸಿನ ಡಾಕ್ಟರ ಕ್ಲಿನಿಕ್ ಮುಂದೆ ಸ್ಕೂಟಿ ನಿಂತಿದ್ದರೆ ಸಂಜೆಯೊಳಗೆ ಮೀನು ಮಾರ್ಕೆಟ್ಟಿನಲ್ಲಿ ಸುದ್ದಿ. ಪರದೆ ಮೇಲಿನ ಅಪರಿಚಿತರ ಹತ್ತಿರ ಆ ಭಯ ಇಲ್ಲ. ಮಹಡಿ ಮೆಟ್ಟಿಲ ಮೇಲೆ ಕೂತು, ಒಂದು ಕಿವಿ ಅಮ್ಮನ ಕೋಣೆ ಕಡೆ ಇಟ್ಟುಕೊಂಡು, ಅಕ್ಕ ಯಾರಿಗೂ ಹೇಳದ ಒಂದು ಮಾತು ಹೇಳಿದಳಂತೆ: ಅಮ್ಮ ಬೇಗ ಹೋದರೆ ಸಾಕು ಅಂತ ಒಮ್ಮೊಮ್ಮೆ ಅನಿಸುತ್ತೆ. ಥೆರಪಿಸ್ಟ್ ಬೆಚ್ಚಿಬೀಳಲಿಲ್ಲ. ವರ್ಷಗಟ್ಟಲೆ ಆರೈಕೆ ಮಾಡುವ ಎಷ್ಟೋ ಜನರಿಗೆ ಹಾಗನ್ನಿಸುತ್ತೆ, ಅದು ದಣಿದ ದೇಹದ ಮಾತು, ಪ್ರೀತಿಯ ಅಳತೆ ಅಲ್ಲ ಅಂದರಂತೆ. ಅವತ್ತು ಬಹಳ ದಿನದ ಮೇಲೆ ಸರಿಯಾಗಿ ಊಟ ಮಾಡಿದೆ ಅಂತ ಅಕ್ಕನೇ ಹೇಳಿದಳು. ಇದನ್ನು ಬರೆಯೋಕೂ ಅವಳ ಒಪ್ಪಿಗೆ ಇದೆ.

ಮೂರನೇ ಸೆಷನ್ನಿಗೆ ನನ್ನನ್ನೂ ಕರೆದರು. “ಹೋದ ವಾರ ನಿಮ್ಮಕ್ಕ ಎಷ್ಟು ರಾತ್ರಿ ಪೂರ್ತಿ ನಿದ್ದೆ ಮಾಡಿದ್ದಾರೆ, ಗೊತ್ತಾ?” ಗೊತ್ತಿರಲಿಲ್ಲ. ಉತ್ತರ ಸೊನ್ನೆ. ಬೆನ್ನಿಗೆ ಹುಣ್ಣಾಗಬಾರದು ಅಂದರೆ ಸುಮಾರು ಎರಡು ಗಂಟೆಗೊಮ್ಮೆ ಅಮ್ಮನ ಮಗ್ಗುಲು ಬದಲಿಸಬೇಕು, ರಾತ್ರಿಯೂ. “ನಾನು ಅವರಿಗೆ ಉಸಿರಾಟದ ಅಭ್ಯಾಸ ಹೇಳಿಕೊಡಬಹುದು. ಮಗ್ಗುಲು ಬದಲಿಸೋಕೆ ನನ್ನಿಂದ ಆಗಲ್ಲ” ಅಂದರು.

ಅಲ್ಲಿಂದ ನನಗೆ ಕಾಡುತ್ತಿರುವ ಪ್ರಶ್ನೆ ಇದು: ಅನ್ಯಾಯಕ್ಕೆ ‘ಒತ್ತಡ’ ಅಂತ ಹೆಸರಿಟ್ಟರೆ ಅದು ಯಾರ ತಪ್ಪೂ ಅಲ್ಲ ಅಂತಾಗುತ್ತಾ?

ಒತ್ತಡ ಅನ್ನೋ ಪದಕ್ಕೆ ಕರ್ತೃ ಇಲ್ಲ. ಮಳೆ ಬಂತು ಅಂದಹಾಗೆ ಒತ್ತಡ ಬಂತು ಅಂತೀವಿ. ಆದರೆ “ಸಾಕಾಯ್ತ್” ಅಂದಾಗ ಅಕ್ಕ ತನ್ನ ಮನಸ್ಸಿನ ವರದಿ ಮಾತ್ರ ಕೊಡುತ್ತಿರಲಿಲ್ಲ. ನೀ ಎಲ್ಲಿದ್ದೀಯಾ ಅಂತಲೂ ಕೇಳುತ್ತಿದ್ದಳು. ನಾನು ಆ ಪ್ರಶ್ನೆಯನ್ನು ಅವಳ ಕಾಯಿಲೆ ಮಾಡಿ, ಮದ್ದಿಗೆ ಬಿಲ್ ಕಟ್ಟಿದೆ. ಅಮ್ಮನಿಗೆ ಸ್ಟ್ರೋಕ್ ಆದದ್ದು ಯಾರ ತಪ್ಪೂ ಅಲ್ಲ. ಅಕ್ಕನಿಗೆ ನಿದ್ದೆ ಇಲ್ಲದ್ದು ಹಾಗಲ್ಲ. ಅದು ನಾವು ಮಾಡದ ಪಾಲು.

ನಮ್ಮ ಕರಾವಳಿಯವರಿಗೆ ಊರು ಬಿಡೋದು ಹೊಸದೇನಲ್ಲ. ಸಾಲಿಗ್ರಾಮದ ಹತ್ತಿರದ ಪಾರಂಪಳ್ಳಿಯ ಮಯ್ಯರು ಬೆಂಗಳೂರಿಗೆ ಹೋಗಿ 1924ರಲ್ಲಿ ಶುರು ಮಾಡಿದ್ದೇ ಇವತ್ತಿನ ಎಂಟಿಆರ್. ಹೋದವರ ಕಥೆ ಬೋರ್ಡಿನ ಮೇಲಿರುತ್ತೆ. ಉಳಿದವರ ಕಥೆಗೆ ಕಾದಂಬರಿಯೇ ಬೇಕು. ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಶೀನಮಯ್ಯ ಬೆಂಗಳೂರಿಗೆ ಹೋಗಿ ಹೋಟೆಲ್ ಇಡುತ್ತಾನೆ, ಇತ್ತ ಐತಾಳರ ಮನೆಯಲ್ಲಿ ಗಂಡನಿಲ್ಲದ ತಂಗಿ ಸರಸೋತಿ ದುಡಿಯುತ್ತಲೇ ಇರುತ್ತಾಳೆ. ಯಾರೂ ಅವಳನ್ನು ‘ನಿನಗೆ ಒಪ್ಪಿಗೆಯಾ’ ಅಂತ ಕೇಳೋದಿಲ್ಲ.

ಕಾನೂನಿಗೂ ರಾತ್ರಿಗಳು ಕಾಣಲ್ಲ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆಯಲ್ಲಿ ಮಕ್ಕಳ ಹೊಣೆಯನ್ನು ತಿಂಗಳ ಹಣದಲ್ಲಿ ಅಳೆಯುತ್ತಾರೆ. ಮಿತಿ 10,000 ರೂಪಾಯಿ. ಆ ಲೆಕ್ಕದಲ್ಲಿ ನಾನು ಒಳ್ಳೆಯ ಮಗ. ಅಕ್ಕ ಒಂದು ರೂಪಾಯಿಯನ್ನೂ ಕಳಿಸಿಲ್ಲ!

ನಿಮ್ಮ ಆಕ್ಷೇಪ ಗೊತ್ತು. ಇಎಂಐ ಇದೆ, ಎಲ್ಲರೂ ಕೆಲಸ ಬಿಟ್ಟು ಊರಿಗೆ ಹೋಗೋಕಾಗುತ್ತಾ? ಆಗಲ್ಲ, ಹೋಗಬೇಕಂತಲೂ ಇಲ್ಲ. ದೂರ ಇರೋದು ತಪ್ಪಲ್ಲ. ಆದರೆ ದೂರವೇ ಎಲ್ಲವನ್ನೂ ತೀರ್ಮಾನ ಮಾಡಿತು ಅಂದುಕೊಳ್ಳೋದು ತಪ್ಪು. ‘ಹಾಗಾಗಿ ಅಕ್ಕ ಉಳಿದಳು’ ಅಂತ ಎಷ್ಟು ಸಲೀಸಾಗಿ ಬರೆದೆ ನೋಡಿ. ಮೂರು ವರ್ಷದ ಹಿಂದೆ ಆಸ್ಪತ್ರೆಯ ವರಾಂಡದಲ್ಲಿ ಆ ಬಗ್ಗೆ ಒಂದು ಮಾತೂ ಆಗಿರಲಿಲ್ಲ. ಹಣದಿಂದ ರಾತ್ರಿಗಳನ್ನು ಕೊಳ್ಳಬಹುದು, ಹೋಮ್ ನರ್ಸ್ ಇಡಬಹುದು. ಅದಕ್ಕೆ ಮೊದಲು ರಾತ್ರಿಗಳನ್ನು ಎಣಿಸಬೇಕಷ್ಟೆ.

ಲ್ಯಾಪ್‌ಟಾಪ್ ಹಿಡಿದು ರಾತ್ರಿ ರೈಲು ಹತ್ತಿದೆ. ಹತ್ತು ದಿನಕ್ಕೆ ಅಕ್ಕನನ್ನು ಬ್ರಹ್ಮಾವರಕ್ಕೆ ಕಳಿಸಿದೆ. ಮೊದಲ ಮೂರು ರಾತ್ರಿ ನಾನು ಶ್ರವಣಕುಮಾರ. ನಾಲ್ಕನೇ ರಾತ್ರಿ ಅಮ್ಮ ಮೂರನೇ ಸಲ ಕರೆದಾಗ “ಸ್ವಲ್ಪ ಸುಮ್ನಿರಮ್ಮಾ!” ಅಂತ ರೇಗಿದೆ. ಅಮ್ಮ ಬೆಳಗಿನವರೆಗೆ ಕರೆಯಲೇ ಇಲ್ಲ. ಮರುದಿನ ಅದೇ ಮೆಟ್ಟಿಲ ಮೇಲೆ ಕೂತು 14416ಕ್ಕೆ ಫೋನ್ ಮಾಡಿದೆ. ಅದು ಸರ್ಕಾರದ ಟೆಲಿ-ಮನಸ್, 2022ರ ಅಕ್ಟೋಬರ್ 10ರಂದು ಶುರುವಾದದ್ದು, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಾತಾಡಿ ಹಗುರಾಯಿತು. ಆದರೆ ಒಳಗೆ ಹೋದಾಗ ಅಮ್ಮನ ಬಟ್ಟೆ ಬದಲಿಸೋದು ಬಾಕಿಯೇ ಇತ್ತು. ಎರಡೂ ನಿಜ.

ಈಗ ಪ್ರತಿ ತಿಂಗಳು ಹತ್ತು ರಾತ್ರಿ ನನ್ನವು, ಎಂಟು ಹೋಮ್ ನರ್ಸ್‌ದು. ಉಳಿದ ಹನ್ನೆರಡು ಅಕ್ಕನವೇ. ಹಗಲಿನ ಲೆಕ್ಕ ಇನ್ನೂ ಮಾಡಿಲ್ಲ. ಸಮ ಆಗಿಲ್ಲ, ಗೊತ್ತು.

ಐದನೇ ದಿನ ಬ್ರಹ್ಮಾವರದಿಂದ ಅಕ್ಕ ಫೋನ್ ಮಾಡಿದಳು. ಊಟದ ವಿಷಯ ಕೇಳಲಿಲ್ಲ. “ರಾತ್ರಿ ನಿದ್ರಿ ಬಂತಾ ಮಗಾ?” ಅಂದಳು. ಮೂರು ವರ್ಷದಲ್ಲಿ ನಾನು ಅವಳನ್ನು ಒಮ್ಮೆಯೂ ಕೇಳದ ಪ್ರಶ್ನೆ ಅದು.